ಹೀರೇಕಾಯಿಗೆ ಪ್ಲೇಟ್‌ಲೆಟ್ ಕಡಿಮೆ

ನಿನ್ನೆ ಸಂಜೆ ಹೀರೇಕಾಯಿ ಹೆರೆಯುತ್ತಿದ್ದೆ. ಸಿಪ್ಪೆಯ ಹಸಿ ವಾಸನೆ ಮೂಗಿಗೆ ಬಂದದ್ದೇ ತಡ, ಕೈ ನಿಂತಿತು. ನಮ್ಮ ಆಫೀಸಿನ ರಿಲೀಸ್ ಅಕ್ಕ ನೆನಪಾದರು...

ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾಗೇ. ಶಿವಮೊಗ್ಗದ ನಮ್ಮ ಸಣ್ಣ ಕಂಪನಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ನಾವು ಬರೆದದ್ದು ಮೊದಲು ನಮ್ಮ ಕಂಪ್ಯೂಟರಿನಲ್ಲಿ ಓಡಬೇಕು, ಆಮೇಲೆ ಪರೀಕ್ಷೆಗೆಂದೇ ಇಟ್ಟ ಟೆಸ್ಟ್ ಸರ್ವರಿನಲ್ಲಿ, ಕೊನೆಗೆ ಆಸ್ಪತ್ರೆಯ ಸರ್ವರಿನಲ್ಲಿ. ಆ ಕೊನೆಯ ಬಾಗಿಲು, ನಮ್ಮ ಮಾತಿನಲ್ಲಿ ರಿಲೀಸ್, ಅಕ್ಕನ ಕೈಯಲ್ಲಿತ್ತು. ದಿನವೂ ಭದ್ರಾವತಿಯ ಕಾಗದನಗರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕೆಲಸಕ್ಕೆ ಸೇರಿದಾಗಿನಿಂದ ನಾನು ಡೈರಿಯಲ್ಲಿ ಪ್ರತಿ ರಿಲೀಸಿಗೂ ಒಂದು ಗೆರೆ ಎಳೆಯುತ್ತೇನೆ. ಹಾಕಿದ್ದನ್ನು ವಾಪಸ್ ತೆಗೆದರೆ ಕೆಂಪು ಗೆರೆ. ಅಕ್ಕ ಇದ್ದಷ್ಟು ಕಾಲದ ಪುಟಗಳಲ್ಲಿ ಕೆಂಪು ಒಂದೇ ಒಂದು.

ಹೊಸದನ್ನು ಆಸ್ಪತ್ರೆಗೆ ಹಾಕುವ ಮೊದಲು, ಅದನ್ನು ಬರೆದವರು ಅಕ್ಕನ ಪಕ್ಕ ಕೂತು, ಟೆಸ್ಟ್ ಸರ್ವರಿನಲ್ಲಿ ಅದನ್ನು ಕಿತ್ತು ಹಳೆಯದನ್ನು ಮತ್ತೆ ಕೂರಿಸಿ ತೋರಿಸಬೇಕಿತ್ತು. "ಹಾಕೋದು ಎಲ್ರಿಗೂ ಬರುತ್ತೆ. ತೆಗೆದು ತೋರ್ಸು," ಎನ್ನುತ್ತಿದ್ದರು. ನಮ್ಮ ಮಾಲೀಕರಿಗೆ ಇದು ತಲೆನೋವು.

ಟೆಸ್ಟ್ ಸರ್ವರಿನ ಸುಳ್ಳುಸುಳ್ಳೇ ರೋಗಿಗಳೆಲ್ಲ ತರಕಾರಿಗಳು. ಬದನೆಕಾಯಿ, ಬೆಂಡೆಕಾಯಿ, ಹೀರೇಕಾಯಿ. ಲ್ಯಾಬಿನಲ್ಲಿ ಅಪಾಯದ ಫಲಿತಾಂಶ ಬಂದರೆ ವೈದ್ಯರ ಫೋನಿಗೆ ತಕ್ಷಣ ಸಂದೇಶ ಹೋಗುವ ವ್ಯವಸ್ಥೆ ನಮ್ಮದು. ಟೆಸ್ಟ್ ಸರ್ವರಿನಲ್ಲಿ ಎಲ್ಲ ವೈದ್ಯರಿಗೂ ಅಕ್ಕ ಒಂದೇ ನಂಬರ್ ಕೊಟ್ಟಿದ್ದರು, ತಮ್ಮ ತಾಯಿಯದು. "ನನ್ ನಂಬರ್ ಹಾಕಿದ್ರೆ ನಾನೇ ನೋಡಲ್ಲ. ಅಮ್ಮ ಒಂದೂ ಬಿಡದೆ ಓದ್ತಾಳೆ." ಆ ಅಮ್ಮ ಮಧ್ಯಾಹ್ನ ಫೋನ್ ಮಾಡಿ, "ಬದನೆಕಾಯಿಗೆ ಸಕ್ಕರೆ ನಾನೂರಂತೆ ಕಣೇ, ಇವತ್ತು ಎಣ್ಗಾಯಿ ಬೇಡ ಬಿಡು," ಎಂದರೆ ಆಫೀಸೆಲ್ಲ ನಗು.

ಡೆಂಗಿ ಹರಡಿದ್ದ ಮಳೆಗಾಲ ಅದು. ಭದ್ರಾವತಿಯ ಒಂದು ಆಸ್ಪತ್ರೆಗೆ ಹೊಸ ರಿಲೀಸ್ ಹೋಗಬೇಕಿತ್ತು.

"ಅವ್ರಿಗೆ ಮಾತು ಕೊಟ್ಟಿದ್ದೀನಿ ಮಾರಾಯ್ತಿ, ಹಾಕ್ಬಿಡು," ಎಂದು ಮಾಲೀಕರು ಬೆಳಿಗ್ಗೆಯಿಂದ ಹಿಂದೆ ಬಿದ್ದಿದ್ದರು.

"ಇವ್ನು ತೆಗೆದು ತೋರಿಸ್ಲಿ ಸಾರ್, ಹಾಕ್ತೀನಿ," ಎಂದು ಅಕ್ಕ ಅದನ್ನು ಬರೆದ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಅವನು ಗೊಣಗುತ್ತಲೇ ತೆಗೆದು ತೋರಿಸಿದ. ರಿಲೀಸ್ ಹೋಯಿತು. ತೆರೆಯ ಮೇಲೆ ಎಲ್ಲ ಹಸಿರು. ಮಾಲೀಕರು ಖುಷಿಯಿಂದ ಮಂಡಕ್ಕಿ, ಮೆಣಸಿನಕಾಯಿ ಬೋಂಡ ತರಿಸಿದರು.

ಅಷ್ಟರಲ್ಲಿ ಅಮ್ಮನ ಫೋನ್. ಅಕ್ಕನ ಕೈಯೆಲ್ಲ ಎಣ್ಣೆ. ಸ್ಪೀಕರ್ ನಾನೇ ಒತ್ತಿದೆ.

"ಯಾರೋ ಯಶೋದಾ ಅಂತೆ ಕಣೇ. ಪ್ಲೇಟ್‌ಲೆಟ್ ಒಂಬತ್ತು ಸಾವ್ರ ಅಂತ ಬಂದಿದೆ. ಇದು ತರಕಾರಿ ಅಲ್ವಲ್ಲ!"

ಅಕ್ಕ ಕೈ ಒರೆಸಿಕೊಂಡು ತೆರೆ ನೋಡಿದರು. ಅಮ್ಮನ ನಂಬರ್ ಇದ್ದ ಟೆಸ್ಟ್ ಸರ್ವರಿನ ಸೆಟ್ಟಿಂಗ್ಸ್ ಫೈಲು ರಿಲೀಸಿನ ಜೊತೆಯಲ್ಲೇ ಆಸ್ಪತ್ರೆಗೆ ಹೋಗಿಬಿಟ್ಟಿತ್ತು. ವೈದ್ಯರಿಗೆ ಹೋಗಬೇಕಾದ ಸಂದೇಶ ಕಾಗದನಗರದ ಅಡುಗೆಮನೆಗೆ ಬಂದಿತ್ತು. ಯಶೋದಾ ಎಂಬ ಹೆಂಗಸು ಯಾವುದೋ ಹಾಸಿಗೆಯಲ್ಲಿದ್ದರು, ಅವರ ಪ್ಲೇಟ್‌ಲೆಟ್ ಅಷ್ಟು ಇಳಿದದ್ದು ವೈದ್ಯರಿಗೆ ಗೊತ್ತಿರಲಿಲ್ಲ.

ಹುಡುಗ ಕೀಬೋರ್ಡಿಗೆ ಕೈ ಹಾಕಿದ. "ತಾಳು. ಮೊದ್ಲು ಆಯಮ್ಮ," ಎಂದರು ಅಕ್ಕ. ವಾರ್ಡಿಗೆ ತಾವೇ ಫೋನ್ ಮಾಡಿದರು. ಹೆಸರು, ವಾರ್ಡ್, ಸಂಖ್ಯೆ ಹೇಳಿ, ಅತ್ತಲಿನ ನರ್ಸಿನಿಂದ ಅದನ್ನೇ ತಿರುಗಿ ಹೇಳಿಸಿದರು. ವೈದ್ಯರು ಹಾಸಿಗೆಯ ಬಳಿ ಬಂದರೆಂದು ಕೇಳಿದ ಮೇಲೆ ಹುಡುಗನ ಕಡೆ ತಿರುಗಿ, "ಈಗ ತೆಗಿ. ಆಗ್ಲೇ ತೋರ್ಸಿದ್ಯಲ್ಲ, ಹಾಗೇ," ಎಂದರು. ಅವನು ಒಂದೊಂದೇ ಹೆಜ್ಜೆ ಹಾಗೇ ಮಾಡಿದ, ದಾರಿ ತಪ್ಪಲಿಲ್ಲ. ಹಳೆಯದು ಮತ್ತೆ ಕೂತಾಗ ಬೋಂಡ ಇನ್ನೂ ಬಿಸಿಯಾಗಿತ್ತು. ಯಶೋದಾ ಉಳಿದರು.

ಅಷ್ಟು ಹೊತ್ತೂ ಅಕ್ಕನ ದನಿ ಒಮ್ಮೆಯೂ ಏರಿರಲಿಲ್ಲ. ಆ ಸಂಜೆ ಬಸ್‌ಸ್ಟ್ಯಾಂಡಿನವರೆಗೂ ಅವರ ಜೊತೆ ನಡೆದು ಹೋದೆ. "ಹೀಗಾಗುತ್ತೆ ಅಂತ ಗೊತ್ತಿತ್ತಾ ಅಕ್ಕ, ಅಮ್ಮನ ನಂಬರ್ ಹಾಕುವಾಗ್ಲೇ?"

"ಇಲ್ಲ ಮಾರಾಯ್ತಿ. ಏನೋ ಒಂದು ತಪ್ಪು ದಾಟುತ್ತೆ ಅಂತ ಗೊತ್ತಿತ್ತು. ಯಾವ್ದು ಅಂತ ಗೊತ್ತಿರ್ಲಿಲ್ಲ."

ಬಸ್ಸು ಹೊರಟುಹೋದರೂ ನಾನು ಅಲ್ಲೇ ನಿಂತಿದ್ದೆ. ಗೊತ್ತಿಲ್ಲದ ತಪ್ಪಿಗೂ ಒಬ್ಬರು ಮೊದಲೇ ಕಾವಲು ಕೂರಿಸಬಲ್ಲರು, ಅದೂ ಒಂದು ತರಕಾರಿ ಬುಟ್ಟಿಯಿಂದ... ಆ ಬೆರಗು ಇನ್ನೂ ಇಳಿದಿಲ್ಲ.

ಅಕ್ಕ ತೀರಿಕೊಂಡು ವರ್ಷ ಕಳೆಯಿತು. ಕಾಯಿಲೆ ತಿಳಿದಾಗ ತಡವಾಗಿತ್ತು. ಅವರ ಕೆಲಸ ಈಗ ನನ್ನದು. ಅವರ ಅಮ್ಮ ಭದ್ರಾವತಿಯ ಓಲ್ಡ್ ಟೌನಿನಲ್ಲಿರುವ ಮಗನ ಮನೆಗೆ ಹೋಗಿದ್ದಾರೆ, ನಂಬರ್ ಮಾತ್ರ ಅದೇ. ಮಗಳಿಲ್ಲದ ಮೇಲೂ ಅವರ ಫೋನಿಗೆ ನಮ್ಮ ಸಂದೇಶಗಳು ಬೀಳುತ್ತಿರುವುದು ನನ್ನ ಮನಸ್ಸನ್ನು ಕೊರೆಯುತ್ತಿತ್ತು. ನಿನ್ನೆ ಹೀರೇಕಾಯಿಯ ಮುಂದೆ ಕೂತು, ಆ ನಂಬರ್ ತೆಗೆದುಬಿಡಬೇಕು ಎಂದುಕೊಂಡೆ.

ಇವತ್ತು ಒಂದು ರಿಲೀಸ್ ಇತ್ತು. ಅದಕ್ಕೆ ಮೊದಲು ಅವರಿಗೆ ಫೋನ್ ಮಾಡಿ, "ಅಮ್ಮಾ, ಇನ್ಮೇಲೆ ನಿಮಗೆ ತೊಂದ್ರೆ ಕೊಡಲ್ಲ, ನಿಮ್ ನಂಬರ್ ತೆಗೀತೀನಿ," ಎಂದೆ.

"ಯಾಕೇ? ನಾನೇನು ಸರಿಯಾಗಿ ನೋಡ್ತಿಲ್ವಾ?" ಎಂದು ಗದರಿದರು. "ನಿನ್ನೆ ಬದನೆಕಾಯಿ ಬಂತು, ಬೆಂಡೆಕಾಯಿ ಬಂತು. ಹೀರೇಕಾಯಿಗೆ ಪ್ಲೇಟ್‌ಲೆಟ್ ಕಡಿಮೆ ಅಂತ ಪ್ರತಿ ಸಲ ಬರುತ್ತಲ್ಲ, ಅದೊಂದು ಬರ್ಲಿಲ್ಲ. ನೋಡು."

ನೋಡಿದೆ. ಹೊಸ ಪ್ರೋಗ್ರಾಮಿನಲ್ಲಿ ಪ್ಲೇಟ್‌ಲೆಟ್ ಸಂದೇಶ ಹೊರಡುತ್ತಲೇ ಇರಲಿಲ್ಲ. ರಿಲೀಸ್ ನಿಲ್ಲಿಸಿದೆ. ಅಕ್ಕನಿಗೆ ಹೇಳಬೇಕೆಂದು ಕುರ್ಚಿ ತಿರುಗಿಸಿದವಳು ಹಾಗೇ ಕೂತೆ...

ಫೋನಿನಲ್ಲಿ ಅಮ್ಮ ಇನ್ನೂ ಕಾಯುತ್ತಿದ್ದರು. "ಏನಾಯ್ತೇ, ಹೊರಡ್ತಾ ಹೀರೇಕಾಯಿ?"

"ಇನ್ನೂ ಇಲ್ಲಮ್ಮ," ಎಂದೆ. "ನೀವು ನೋಡ್ತಾ ಇರಿ."