ಮಾಲೆಯ ಗಂಟು ಬಿಚ್ಚಿದ್ದು ಯಾರು?

ಇದನ್ನು ನಂಬಿ ಎಂದು ನಾನು ಯಾರ ಕಾಲಿಗೂ ಬೀಳುವುದಿಲ್ಲ. ದೆವ್ವ ಭೂತ ಅನ್ನುವವರನ್ನು ಕಂಡರೆ ಮೊದಲಿನಿಂದಲೂ ನನಗೆ ನಗು. ಆದರೆ ಇದು ಇನ್ನೊಬ್ಬರ ಬಾಯಿಂದ ಕೇಳಿದ್ದಲ್ಲ, ನನ್ನ ಕುತ್ತಿಗೆಯ ಮೇಲೇ ನಡೆದದ್ದು. ಬೇಕಾದರೆ ನಂಬಿ, ಬೇಡವಾದರೆ ಬಿಡಿ.

ಕೊರೊನಾದ ಮೊದಲ ಬೇಸಿಗೆ. ಟೋಕಿಯೋದ ಕೋಟೋ ಬಡಾವಣೆಯಲ್ಲಿ, ತೊಯೋಸು ಸ್ಟೇಷನ್ನಿಗೆ ಹತ್ತಿರದ ಎತ್ತರದ ಕಟ್ಟಡದಲ್ಲಿ ನಮ್ಮ ಫ್ಲ್ಯಾಟು. ನನಗೆ ಆಗ ಎಂಟನೇ ತಿಂಗಳು. ಆಫೀಸ್ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದ ಗಂಡ ಸುಹಾಸ್ ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಜಪಾನ್ ಹೊರಗಿನವರಿಗೆ ಬಾಗಿಲು ಹಾಕಿತ್ತು. ಬಾಣಂತನಕ್ಕೆ ಬರಬೇಕಿದ್ದ ಅಮ್ಮ ವೀಸಾ ಸಿಗದೆ ಮೈಸೂರಿನಲ್ಲಿ ಕೂತಿದ್ದಳು. ಮನೆಯಲ್ಲಿ ನಾನು ಮತ್ತು ಐದು ವರ್ಷದ ಮಗಳು ಇಂಚರ, ಇಬ್ಬರೇ.

ಇದಕ್ಕೂ ಮುಂಚೆ ನನಗೊಂದು ಮಗು ಹೊಟ್ಟೆಯಲ್ಲೇ ಹೋಗಿತ್ತು. ಈ ಮಗುವಾದರೂ ಉಳಿಯಬೇಕು... ಹಗಲೂ ರಾತ್ರಿ ನನ್ನ ತಲೆಯಲ್ಲಿ ಇದೊಂದೇ ಇತ್ತು. ಒಳಗೆ ಅದು ಒದ್ದಾಗ ನನ್ನ ಉಸಿರು ಸಲೀಸಾಗುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದರೆ ನನ್ನ ಕೈಕಾಲು ತಣ್ಣಗಾಗುತ್ತಿತ್ತು.

ಆಗ ನನಗಿದ್ದ ಒಂದೇ ಆಸರೆ ಕೆಳಗಿನ ಮಹಡಿಯ ಇಕೆದಾ ಸಾನ್. ಹವಾಯಿಯ ಹಿಲೋ ಎಂಬ ಊರಿನಲ್ಲಿ ಹುಟ್ಟಿದ ಜಪಾನಿ ಹೆಂಗಸು, ಮದುವೆಯಾಗಿ ಟೋಕಿಯೋಗೆ ಬಂದು ಇಲ್ಲೇ ಮುದುಕಿಯಾದವರು. ಕೊರೊನಾಕ್ಕೆ ಮೊದಲು ನಮ್ಮ ಕಟ್ಟಡದ ಹಾಲ್‌ನಲ್ಲಿ ಹವಾಯಿಯ ಹುಲಾ ನೃತ್ಯ ಹೇಳಿಕೊಡುತ್ತಿದ್ದರು. ಅಲೆ, ಮಳೆ, ಚಂದ್ರ ಎಲ್ಲವನ್ನೂ ಕೈಯಲ್ಲೇ ತೋರಿಸುವ ಆಟ ಅದು. ಕ್ಲಾಸ್ ಮುಗಿದ ಮೇಲೆ ಇಂಗ್ಲಿಷಿನಲ್ಲಿ ಅವರೂರಿನ ಕತೆ ಹೇಳುವರು. ಸತ್ತ ಯೋಧರು ಪಂಜು ಹಿಡಿದು, ಡೋಲು ಬಾರಿಸುತ್ತಾ ರಾತ್ರಿ ಮೆರವಣಿಗೆ ಹೊರಡುತ್ತಾರಂತೆ. ಸದ್ದು ಕೇಳಿದವರು ನೆಲಕ್ಕೆ ಮುಖ ಮಾಡಿ ಮಲಗಬೇಕಂತೆ. "ನಮ್ ಬಿಲ್ಡಿಂಗ್‌ಗೆ ಬಂದ್ರೆ ಗಾರ್ಡು ಮೊದ್ಲು ರಿಜಿಸ್ಟರಲ್ಲಿ ಸೈನ್ ಹಾಕಿಸ್ಕೋತಾನೆ ಬಿಡಿ" ಎಂದು ನಾನು ನಗಿಸುತ್ತಿದ್ದೆ.

ಸೀಮಂತ ಮಾಡಲೇಬೇಕೆಂದು ಅಮ್ಮ ಹಟ ಹಿಡಿದಳು. ವಿಡಿಯೋ ಕಾಲ್‌ನಲ್ಲಿ ಅಮ್ಮ, ನನ್ನ ಕೈಯಲ್ಲಿ ಹಸಿರು ಬಳೆ, ಆರತಿ ಎತ್ತಲು ಇಂಚರ... ಇಷ್ಟೇ ಸೀಮಂತ. ಹೂವಿಲ್ಲವಲ್ಲ ಎಂದು ಇಕೆದಾ ಸಾನ್ ಹತ್ತಿರ ಅಂದಿದ್ದೆ. ಅವರ ಬಾಲ್ಕನಿಯ ಕುಂಡಗಳಲ್ಲಿ ಪಿಕಾಕೆ ಅರಳುತ್ತಿತ್ತು. ಪಿಕಾಕೆ ಎಂದರೆ ಬೇರೇನಲ್ಲ, ನಮ್ಮ ದುಂಡು ಮಲ್ಲಿಗೆ. ಬೆಳಿಗ್ಗೆ ನೋಡಿದರೆ ಬಾಗಿಲ ಹಿಡಿಗೆ ಇಲ್ಲಿನ ಕೊಂಬಿನಿ ಅಂಗಡಿಯ ಚೀಲ ನೇತಾಡುತ್ತಿತ್ತು, ಒಳಗೆ ಮೊಗ್ಗು ಪೋಣಿಸಿದ ಉದ್ದನೆಯ ಮಾಲೆ. ಆ ವಾಸನೆಗೆ ನನಗೆ ಅಳು ಬಂತು.

ಮಾಲೆಯ ತುದಿಗಳನ್ನು ಮಾತ್ರ ಕಟ್ಟದೆ ಹಾಗೇ ಬಿಟ್ಟಿದ್ದರು. ಕೊರಳಿಗೆ ಹಾಕಿಕೊಂಡರೆ ಶಲ್ಯದ ಹಾಗೆ ಎರಡೂ ಕಡೆ ಜೋತು ಬೀಳುತ್ತಿತ್ತು.

"ಇದೇನೇ ರೂಪಾ, ಅರ್ಧಂಬರ್ಧ ಹಾರ?" ಎಂದಳು ಅಮ್ಮ, ಫೋನಿನೊಳಗಿಂದ. "ಶುಭಕಾರ್ಯಕ್ಕೆ ಹೀಗೆಲ್ಲಾ ಹಾಕ್ಕೋಬಾರ್ದು. ತುದಿ ಸೇರ್ಸಿ ಗಂಟು ಹಾಕು. ಹೂ ಬಾಡೋ ತನಕ ಬಿಚ್ಬೇಡ."

ಪಾಪ, ವಯಸ್ಸಾದವರು, ಮರೆತಿರಬೇಕು ಅಂದುಕೊಂಡು ಬಿಗಿಯಾಗಿ ಗಂಟು ಹಾಕಿದೆ. ಆರತಿ ಆದಮೇಲೆ ಮಾಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಗೆ ಹಾಕಿ, ಫ್ರಿಜ್ಜಿನಲ್ಲಿಟ್ಟೆ.

ಮರುದಿನ ಡಬ್ಬಿ ತೆರೆದರೆ ಗಂಟು ಬಿಚ್ಚಿತ್ತು.

ದಾರ ಜಾರಿರಬೇಕು ಎಂದು ಮತ್ತೆ ಕಟ್ಟಿದೆ, ಗಂಟಿನ ಮೇಲೆ ಗಂಟು. ಅದರ ಮರುದಿನವೂ ಅದೇ ಕತೆ. ದಾರ ಹರಿದಿರಲಿಲ್ಲ, ಕತ್ತರಿಸಿರಲೂ ಇಲ್ಲ. ಯಾರೋ ಕೂತು ನಿಧಾನಕ್ಕೆ ಬಿಡಿಸಿದ ಹಾಗೆ ನೆಟ್ಟಗಿತ್ತು.

ನನ್ನೊಳಗಿನ ಪತ್ತೇದಾರಿ ಎದ್ದಳು. ಇದ್ದವಳು ಒಬ್ಬಳೇ ಆರೋಪಿ, ಅವಳನ್ನೇ ಕರೆದು ನಿಲ್ಲಿಸಿದೆ.

"ಇಂಚರ, ಹೂವಿನ ಡಬ್ಬಿ ಮುಟ್ಟಿದ್ಯಾ?"

"ನಾಟ್ ಮೀ, ಮಮ್ಮಾ."

"ನಿಜ ಹೇಳು, ಬೈಯಲ್ಲ."

"ಐ ಕಾಂಟ್ ಈವನ್ ರೀಚ್" ಎಂದು ಫ್ರಿಜ್ಜಿನ ಮುಂದೆ ಕೈ ಎತ್ತಿ ನಿಂತು ತೋರಿಸಿದಳು. ಮೇಲಿನ ಹಲಗೆ ಅವಳಿಗೆ ಎಟುಕುತ್ತಲೇ ಇರಲಿಲ್ಲ. ಆರೋಪಿಯನ್ನು ಬಿಡುಗಡೆ ಮಾಡಬೇಕಾಯಿತು.

ಹಾಗಾದರೆ ನಾನೇ ನಿದ್ದೆಗಣ್ಣಲ್ಲಿ ಎದ್ದು ಬಿಚ್ಚುತ್ತಿದ್ದೇನೋ? ಆ ರಾತ್ರಿ ಮತ್ತೆ ಗಂಟು ಹಾಕಿ, ಫ್ರಿಜ್ಜಿನ ಮುಂದೆಲ್ಲಾ ರಂಗೋಲಿ ಪುಡಿ ಉದುರಿಸಿ ಮಲಗಿದೆ. ಯಾರು ಬಂದರೂ ಹೆಜ್ಜೆ ಬೀಳಲೇಬೇಕು.

ಬೆಳಿಗ್ಗೆ ಪುಡಿಯ ಮೇಲೆ ಇರುವೆ ಓಡಾಡಿದ ಗುರುತೂ ಇರಲಿಲ್ಲ. ಮೆಲ್ಲಗೆ ದಾಟಿ ಡಬ್ಬಿ ತೆರೆದೆ... ಗಂಟು ಬಿಚ್ಚಿತ್ತು. ಮಲ್ಲಿಗೆಯ ಜೊತೆ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು. ಕೊಬ್ಬರಿ ಎಣ್ಣೆ. ನಾನು ಜಪಾನಿಗೆ ಬಂದಮೇಲೆ ಕೊಬ್ಬರಿ ಎಣ್ಣೆ ಹಚ್ಚುವುದನ್ನೇ ಬಿಟ್ಟಿದ್ದೆ.

"ಹೆಗ್ಗಣ ಇರ್ಬೇಕು ಕಣೇ" ಎಂದಳು ಅಮ್ಮ.

"ಹೌದಮ್ಮ, ಲಿಫ್ಟಲ್ಲಿ ಬಂದು, ಫ್ರಿಜ್ ತೆಗ್ದು, ಗಂಟು ಬಿಚ್ಚಿ, ಡಬ್ಬಿ ಮುಚ್ಚಿಟ್ಟು ಹೋಗತ್ತೆ. ಜಪಾನಿನ ಹೆಗ್ಗಣ ತುಂಬಾ ಶಿಸ್ತು."

ಇಬ್ಬರೂ ನಕ್ಕೆವು. ಫೋನಿಟ್ಟ ಮೇಲೆ ನನಗೆ ನಗು ಉಳಿಯಲಿಲ್ಲ. ಮೂರ್ಖತನವೋ ಮೊಂಡುತನವೋ, ಆ ರಾತ್ರಿ ಗಂಟು ಹಾಕಿದ ಮಾಲೆಯನ್ನು ನನ್ನ ಕೊರಳಿಗೇ ಹಾಕಿಕೊಂಡು ಮಲಗಿದೆ. ಬರಲಿ ಕಳ್ಳಿ, ಕೈ ಹಿಡಿದೇ ಕೇಳೋಣ ಎಂದು.

ಎಷ್ಟು ಹೊತ್ತಾಗಿತ್ತೋ ಗೊತ್ತಿಲ್ಲ. ಎಡಮಗ್ಗುಲಾಗಿ ಮಲಗಿದ್ದೆ. ಏಸಿಯ ಸದ್ದು ನಿಂತಿತ್ತು. ಕೋಣೆ ತುಂಬ ಮಲ್ಲಿಗೆ, ಕೊಬ್ಬರಿ ಎಣ್ಣೆ...

ನನ್ನ ಕುತ್ತಿಗೆಯ ಹಿಂದೆ ಬೆರಳುಗಳಿದ್ದವು.

ತಣ್ಣಗಿನ, ಒರಟಾದ ಬೆರಳುಗಳು. ಅವಸರವೇ ಇಲ್ಲದೆ ಗಂಟನ್ನು ಸಡಿಲಿಸುತ್ತಿದ್ದವು. ಉಗುರು ಚರ್ಮಕ್ಕೆ ತಾಗದ ಹಾಗೆ, ಅಷ್ಟು ಜೋಪಾನವಾಗಿ. ನಿದ್ದೆಗಣ್ಣಲ್ಲಿ, "ಅಮ್ಮಾ... ಬಂದ್ಯಾ?" ಅಂದೆ.

ಹಿಂದೆ ಯಾರೋ ಸಣ್ಣಗೆ ಗುನುಗುತ್ತಿದ್ದರು. ಯಾವ ಭಾಷೆಯೋ ತಿಳಿಯಲಿಲ್ಲ. ಅಮ್ಮ ಮೈಸೂರಿನಲ್ಲಿದ್ದಾಳೆ ಎಂಬುದು ಆಗ ನೆನಪಾಯಿತು. ಹೊರಳಲು ಮೈ ಕೇಳಲಿಲ್ಲ. ಪಕ್ಕದಲ್ಲೇ ಇಂಚರ ಗಾಢ ನಿದ್ದೆಯಲ್ಲಿದ್ದಳು.

ಮಾಲೆ ಕೊರಳಿಂದ ಜಾರಿತು. ಆಮೇಲೆ ಆ ಕೈ ಮುಂದಕ್ಕೆ ಬಂದು ನನ್ನ ಹೊಟ್ಟೆಯ ಮೇಲೆ ನಿಂತಿತು. ಒಂದು ಕಡೆ ಒತ್ತಿತು, ಕಾಯಿತು. ಇನ್ನೊಂದು ಕಡೆ ಒತ್ತಿತು, ಮತ್ತೆ ಕಾಯಿತು.

ಮಗು ಅಲುಗಲಿಲ್ಲ.

ಕೈ ಮಾಯವಾಯಿತು, ಏಸಿ ಮತ್ತೆ ಸದ್ದು ಮಾಡಿತು. ನಾನು ಎದ್ದು ದೀಪ ಹಾಕಿದೆ. ತಣ್ಣನೆಯ ಜ್ಯೂಸ್ ಕುಡಿದೆ, ಮಗ್ಗುಲು ಬದಲಿಸಿದೆ, ಹೊಟ್ಟೆ ತಟ್ಟಿದೆ. "ಒಂದ್ಸಲ ಒದಿ ಕಂದಾ, ಒಂದೇ ಸಲ" ಎಂದು ಬೇಡಿಕೊಂಡೆ. ಒಳಗೆ ಏನೂ ಇಲ್ಲ. ಕಳೆದುಕೊಂಡ ಆ ಮಗುವಿನ ಸಲವೂ ಹೀಗೇ ಆಗಿತ್ತು.

ಆಂಬುಲೆನ್ಸಿಗೆ ಫೋನ್ ಮಾಡಿದರೆ ಆ ಕಡೆಯವರು ಜ್ವರ ಇದೆಯಾ, ಕೆಮ್ಮು ಇದೆಯಾ ಎಂದು ಕೇಳುತ್ತಲೇ ಇದ್ದರು. ಸುಮಿಮಾಸೆನ್, ಸುಮಿಮಾಸೆನ್ ಎಂದು ಅವರ ಭಾಷೆಯಲ್ಲಿ ಕ್ಷಮೆ ಕೇಳುತ್ತಾ ಅತ್ತುಬಿಟ್ಟೆ. ಇನ್ನೊಂದು ಫೋನಿಗೆ ಇಕೆದಾ ಸಾನ್ ಓಡಿ ಬಂದರು, ರಾತ್ರಿಯುಡುಪಿನಲ್ಲೇ, ಮಾಸ್ಕ್ ಹಾಕಿಕೊಂಡು. ಹಾಸಿಗೆಯ ಮೇಲಿನ ಮಾಲೆಯನ್ನು ಕೈಗೆತ್ತಿಕೊಂಡವರ ಕಣ್ಣು ಸುಕ್ಕುಗಟ್ಟಿದ ದಾರದ ತುದಿಯ ಮೇಲೆ ನಿಂತಿತು.

"ಇದಕ್ಕೆ ಗಂಟು ಹಾಕಿದ್ದು ಯಾರು?" ಪಿಸುಮಾತಿನಲ್ಲಿ ಕೇಳಿದರು.

"ನಾನೇ."

"ನಮ್ಮೂರಲ್ಲಿ ಬಸುರಿಗೆ ಸುತ್ತು ಮುಚ್ಚಿದ ಮಾಲೆ ಹಾಕಲ್ಲ. ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಳ್ಳತ್ತೆ ಅಂತಾರೆ. ಅದಕ್ಕೇ ನಾನು ಕಟ್ಟಿರಲಿಲ್ಲ." ದಾರದ ತುದಿಯನ್ನು ದೀಪದ ಬೆಳಕಿಗೆ ಹಿಡಿದರು. "ಮತ್ತೆ... ಬಿಚ್ಚಿದ್ದು ಯಾರು?"

ಅಷ್ಟರಲ್ಲಿ ಕೆಳಗೆ ಆಂಬುಲೆನ್ಸಿನ ಸೈರನ್ ಕೇಳಿತು.

ಇಂಚರಳನ್ನು ಅವರ ಮಡಿಲಿಗೆ ಬಿಟ್ಟು ಆಂಬುಲೆನ್ಸ್ ಹತ್ತಿದೆ. ಆಸ್ಪತ್ರೆಯಲ್ಲಿ ಮೈತುಂಬ ಪ್ಲಾಸ್ಟಿಕ್ ತೊಟ್ಟವರು, ಮುಖ ಕಾಣದವರು. ಸ್ಕ್ಯಾನ್‌ನಲ್ಲಿ ಎದೆಬಡಿತ ಇತ್ತು, ಆದರೆ ತೀರಾ ನಿಧಾನ. ಕೈ ಹಿಡಿಯಲು ಯಾರೂ ಇಲ್ಲದೆ ಆಪರೇಷನ್ ಟೇಬಲ್ಲಿನ ಮೇಲೆ ಮಲಗಿ, ಯಾರಿಗೆಂದು ಗೊತ್ತಿಲ್ಲದೆ ಬೇಡಿಕೊಂಡೆ. ಬದುಕಿಸಿಕೊಡಿ, ಇದೊಂದನ್ನು ಬದುಕಿಸಿಕೊಡಿ...

ಮಗು ಅತ್ತಿತು. ಗಂಡು. ಬಳ್ಳಿ ಕುತ್ತಿಗೆಗೆ ಎರಡು ಸುತ್ತು ಬಿದ್ದಿತ್ತು ಎಂದರು ಡಾಕ್ಟರು. ಇನ್ನು ಸ್ವಲ್ಪ ತಡವಾಗಿದ್ದರೆ, ಎಂದು ಶುರು ಮಾಡಿದವರು ಇಲ್ಲಿನವರ ರೂಢಿಯಂತೆ ಮಾತನ್ನು ಅರ್ಧಕ್ಕೇ ಬಿಟ್ಟು ತಲೆ ಬಾಗಿಸಿದರು.

ಮನೆಗೆ ಬಂದಮೇಲೆ ಇಕೆದಾ ಸಾನ್‌ಗೆ ಎಲ್ಲವನ್ನೂ ಹೇಳಿದೆ. ನಿಮ್ಮ ಕಡೆಯ ಹಿರಿಯರೇನಾದರೂ ಬಂದಿದ್ದರಾ ಎಂದು ಕೇಳಿದೆ. "ಹಿರಿಯರು ಮನೆ ಕಾಯ್ತಾರೆ ಅಂತ ನಾವೂ ನಂಬ್ತೀವಿ. ಆದ್ರೆ ನಮ್ಮವರು ನಿಮ್ಮನೆಗೆ ಯಾಕೆ ಬರ್ತಾರೆ?" ಎಂದರು. ನಮ್ಮ ಕಡೆಯವರಾದರೆ ಹವಾಯಿಯ ಪದ್ಧತಿ ಅವರಿಗೆ ಹೇಗೆ ಗೊತ್ತು? ಅಲ್ಲಿಗೆ ನನ್ನ ಪತ್ತೇದಾರಿಕೆ ಮುಗಿಯಿತು. ಇವತ್ತಿಗೂ ಅದರ ಮುಂದಕ್ಕೆ ಹೋಗಲು ನನಗೆ ಆಗಿಲ್ಲ.

ಕೆಲವು ದಿನ ಕಳೆದು ಅಮ್ಮ ಮಗುವಿಗೆ ಉಡಿದಾರ ಕಟ್ಟು ಎಂದಳು. ಕರಿದಾರವನ್ನು ಆ ಪುಟ್ಟ ಸೊಂಟಕ್ಕೆ ಸುತ್ತಿದೆ. ಗಂಟು ಹಾಕುವಾಗ ಮೂರು ಸಲ ತಪ್ಪಿತು. ಆ ರಾತ್ರಿ ದೀಪ ಆರಿಸಿ, ಮಗುವಿನ ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡೇ ಮಲಗಿದೆ. ಬಂದರೆ ಏನು ಮಾಡಲಿ ಎಂಬ ಹೆದರಿಕೆ. ಸಣ್ಣ ಸದ್ದಾದರೂ ಉಸಿರು ಹಿಡಿಯುತ್ತಿದ್ದೆ.

ಬೆಳಗಾಯಿತು. ಗಂಟು ಹಾಕಿದ ಹಾಗೇ ಇತ್ತು.

ಸಮಾಧಾನ ಆಗಬೇಕಿತ್ತು. ಆದರೆ ನಾನು ಬಿಕ್ಕಿ ಬಿಕ್ಕಿ ಅತ್ತೆ. ಗಂಡ ಬರಲಾಗದ, ಹೆತ್ತಮ್ಮ ಬರಲಾಗದ ಆ ವರ್ಷ ನನ್ನ ಬಾಣಂತನಕ್ಕೆಂದು ಬಂದವಳು ಆ ಗಂಟು ಬಿಚ್ಚಿದವಳೊಬ್ಬಳೇ. ಅವಳ ಮುಖವನ್ನೂ ನಾನು ನೋಡಲಿಲ್ಲ.