ನದರಿಗೆ ಬಿದ್ದ ಓಣಿ

ಬೀದರಿನ ನಮ್ಮ ಓಣಿಗೆ ಕ್ಯಾಮೆರಾ ಬಂದ ದಿನ ನಮಗೆಲ್ಲ ಚಿಕ್ಕಮ್ಮನಂತಿದ್ದ ಮೂಲೆಮನೆಯ ಕಾಕು ಎಲ್ಲರನ್ನೂ ಚಹಾಕ್ಕೆ ಕರೆದರು. ಕ್ಯಾಮೆರಾ ಇದ್ದುದು ಅವರ ಗೇಟಿನ ಕಂಬದ ಮೇಲೆ, ಚಿತ್ರ ಬರುತ್ತಿದ್ದುದು ಅವರ ಟಿವಿಯಲ್ಲಿ. ಇಡೀ ಓಣಿಯವರು ಒತ್ತೊತ್ತಾಗಿ ಕುಳಿತು ನಮ್ಮ ನಮ್ಮ ಬಾಗಿಲುಗಳನ್ನು ನಾವೇ ಕೌತುಕದಿಂದ ನೋಡಿದೆವು. ಬಲಕ್ಕೆ ಬೇವಿನ ಮರದವರೆಗೆ ಕಾಣುತ್ತಿತ್ತು. ಗೇಟಿನ ಎಡಗಡೆಯ ಗೋಡೆ ಮಾತ್ರ ಕಾಣುತ್ತಿರಲಿಲ್ಲ. ಆದರೂ ಓಣಿಗೊಂದು ಕ್ಯಾಮೆರಾ ಬಂತಲ್ಲ ಎಂದು ನನಗಂತೂ ಹೋದ ಜೀವ ಬಂದಂತಾಯಿತು. ನನ್ನ ತಂಗಿ ಭಾಲ್ಕಿಯ ಶಾಲೆಯಲ್ಲಿ ಟೀಚರು. ಅವಳು ಬಸ್ಸಿಳಿದು ಓಣಿಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು.

ಶನಿವಾರ ಕಾಕು ಕ್ಯಾಮೆರಾದ ಬದಿಗೆ ನಿಂಬೆಕಾಯಿ, ಹಸಿಮೆಣಸಿನಕಾಯಿ ಪೋಣಿಸಿದ ಸರ ಕಟ್ಟಿದರು.

"ಹೊಸಾದು ಅದರಿ ಸಿಸ್ಟರ್, ನದರ್ ಹತ್ತಬಾರ್ದು," ಎಂದರು. ನಾನು ನರ್ಸು, ಓಣಿಗೆಲ್ಲ ಸಿಸ್ಟರೇ.

ಓಣಿಯ ಮೇಲೆ ನದರ್ ಇಡಲೆಂದು ತಂದದ್ದಕ್ಕೇ ನದರ್ ಹತ್ತೀತೆಂಬ ಭಯ! ಚರ್ಚಿಗೆ ಹೋಗುವ ಅಕ್ಕತಂಗಿಯರು ನಾವು, ಮನೆಗೆ ಬಂದು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಆಮೇಲೆ ಸಂಜೆ ಕಟ್ಟೆಯ ಮೇಲೆ ಕೂರುವವರು ಕಡಿಮೆಯಾದರು. "ಕ್ಯಾಮೆರಾ ಅದ ಅಲ್ರಿ," ಎನ್ನುತ್ತ ಬೇಗ ಬಾಗಿಲು ಹಾಕಿಕೊಳ್ಳುತ್ತಿದ್ದರು. ಬಾಗಿಲಲ್ಲಿ ನಿಂತು ತಂಗಿಯ ದಾರಿ ಕಾಯುವುದನ್ನು ನಾನೂ ಬಿಟ್ಟೆ.

ಚಳಿಗಾಲದ ಒಂದು ಸಂಜೆ ಅವಳು ಏದುಸಿರು ಬಿಡುತ್ತ ಒಳಗೆ ಬಂದು ಬಿದ್ದಳು. ಕಾಕುವಿನ ಗೇಟಿನ ಹತ್ತಿರ ಯಾರೋ ಹಿಂದಿನಿಂದ ಬಾಯಿ ಮುಚ್ಚಿ ಎಳೆದಿದ್ದ. ಕೊಸರಿಕೊಂಡು ಓಡಿ ಬಂದಿದ್ದಳು. ಓಢಣಿ ಅವನ ಕೈಯಲ್ಲೇ ಉಳಿದಿತ್ತು. ಮುಖ ನೋಡಿರಲಿಲ್ಲ.

ನಾನು ಸಿಟ್ಟಿನಿಂದ ಕುದಿಯುತ್ತ ಕಾಕುವಿನ ಮನೆಗೆ ಹೋದೆ. ಎಲ್ಲಿಗೆ ಹೋಗುತ್ತಾನೆ, ಸಿಕ್ಕೇ ಸಿಗುತ್ತಾನೆ ಎಂಬ ಧೈರ್ಯವಿತ್ತು. ಕಾಕು ಆ ಹೊತ್ತಿನ ರೆಕಾರ್ಡಿಂಗ್ ಹಾಕಿದರು. ಟಿವಿಯಲ್ಲಿ ಖಾಲಿ ಓಣಿ, ಮುಚ್ಚಿದ ಬಾಗಿಲುಗಳು. ಎಡಗಡೆಯಿಂದ ಒಂದು ಕೈ ಬಂತು. ಉಂಗುರವಿಲ್ಲ, ಗಡಿಯಾರವಿಲ್ಲ, ಬರೀ ಗಂಡಸಿನ ಕೈ. ನಿಂಬೆಕಾಯಿಯ ಸರವನ್ನು ಮೆಲ್ಲಗೆ ಕ್ಯಾಮೆರಾದ ಮುಂದಕ್ಕೆ ಸರಿಸಿ ಹಿಂದೆ ಹೋಯಿತು. ಆಮೇಲೆ ಕಂಡದ್ದು ನಿಂಬೆಕಾಯಿ, ಮೆಣಸಿನಕಾಯಿ ಅಷ್ಟೇ.

ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಸಿಸ್ಟರ್, ಇಂವ ಹೊರಗಿನಾಂವ ಅಲ್ರಿ."

ಯಾವ ಗೋಡೆ ಕಾಣುವುದಿಲ್ಲವೆಂಬುದು ಗೊತ್ತಿದ್ದದ್ದು ಅಂದು ಇದೇ ಕೋಣೆಯಲ್ಲಿ ಕುಳಿತು ಚಹಾ ಕುಡಿದವರಿಗೆ ಮಾತ್ರ.

ಪೊಲೀಸರಿಗೆ ದೂರು ಕೊಟ್ಟೆವು. ಸುದ್ದಿ ತಿಳಿದು ಮರುದಿನ ಓಣಿಯ ಗಂಡಸರು ಒಬ್ಬೊಬ್ಬರಾಗಿ ನಮ್ಮ ಬಾಗಿಲಿಗೆ ಬಂದರು. ಎಲ್ಲರ ಮುಖದಲ್ಲೂ ಮರುಕವಿತ್ತು.

"ನಾಳಿ ಯಾವ ಬಸ್ಸಿಗೆ ಬರ್ತಾಳ್ರಿ ತಂಗಿ? ನಾನೇ ಹೋಗಿ ಕರ್ಕೊಂಡು ಬರ್ತೇನಿ," ಎಂದರು ಮೊದಲು ಬಂದವರು. ಆಮೇಲೆ ಬಂದವರೂ ಅದನ್ನೇ ಕೇಳಿದರು.

"ಆಕಿ ಭಾಲ್ಕ್ಯಾಗ ಖೋಲಿ ಮಾಡ್ಯಾಳ್ರಿ, ಇಲ್ಲಿಗಿ ಬರಂಗಿಲ್ಲ," ಎಂದು ಎಲ್ಲರಿಗೂ ಸುಳ್ಳು ಹೇಳಿ ಕಳಿಸಿದೆ. ನನ್ನ ಬೆನ್ನ ಹಿಂದಿನ ಕೋಣೆಯಲ್ಲಿ ತಂಗಿ ದೀಪ ಹಚ್ಚದೆ, ಕೆಮ್ಮು ಬಂದರೂ ತಡೆದುಕೊಂಡು ಕುಳಿತಿದ್ದಳು.