ಬಂದೂಕಿಗೂ ನೀರು ಕೊಟ್ಟವಳು

ನನ್ನ ಸೋದರತ್ತೆಯ ಎಡಗೆನ್ನೆಯ ಮೇಲೆ ಎಳ್ಳು ಚೆಲ್ಲಿದಂತೆ ನೀಲಿಗಪ್ಪು ಚುಕ್ಕೆಗಳಿದ್ದವು. ಕಿವಿಯ ಹತ್ತಿರ ಒತ್ತೊತ್ತಾಗಿ, ಮೂಗಿನ ಕಡೆಗೆ ಬರುತ್ತ ವಿರಳವಾಗಿ. ಗೊತ್ತಿಲ್ಲದವರು ಅದನ್ನು ಹಚ್ಚೆ ಎಂದೇ ತಿಳಿಯುತ್ತಿದ್ದರು. ಗದಗಿನ ಸಂತೆಯಲ್ಲಿ ಒಬ್ಬಾಕೆ, "ಯಾರ ಕಡಿಂದ ಹಾಕಿಸ್ಕೊಂಡಿಯವ್ವಾ? ಚಂದ ಐತಿ" ಎಂದು ಕೇಳಿದ್ದಳಂತೆ. "ನಮ್ಮ ಬೀಗರು ಹಾಕಿದ್ದವಾ, ಪುಕ್ಕಟೆ" ಎಂದು ಅತ್ತೆ ಹೇಳಿ ಬಂದಿದ್ದಳು.

ಅದು ಬಂದೂಕಿನ ಮದ್ದು. ಆಗ ನಮ್ಮ ಕಡೆ ಮದುವೆಯ ದಿಬ್ಬಣ ಊರ ಸೀಮೆ ಮುಟ್ಟಿದಾಗ ಬಂದೂಕಿನ ಬಾರು ಹಾರಿಸುವ ಪದ್ಧತಿ ಇತ್ತು. ಅತ್ತೆ ತಾಳಿ ಕಟ್ಟಿಸಿಕೊಂಡು ಗಂಡನ ಊರಿಗೆ ಹೋದ ದಿನ ಸೀಮೆಯಲ್ಲಿ ಹಳೆಯ ಬಂದೂಕೊಂದರ ನಳಿಗೆಯೇ ಸಿಡಿದು ಮದ್ದು ಅವಳ ಕೆನ್ನೆಗೆ ಹೊಕ್ಕಿತು, ಬಾರು ಹಾರಿಸಿದ ಮೈದುನ ಅಲ್ಲೇ ತೀರಿಕೊಂಡ. ಬಂದೂಕು ಕೆಟ್ಟದ್ದು ಎಂದು ಯಾರೂ ಅನ್ನಲಿಲ್ಲ, ಸೊಸೆಯ ಕಾಲ್ಗುಣ ಕೆಟ್ಟದ್ದು ಎಂದರು. ಸ್ವಲ್ಪ ದಿನಕ್ಕೆ ಅವಳನ್ನು ಅಸುಂಡಿಗೆ, ತವರಿಗೆ ಕಳಿಸಿ ಮಗನಿಗೆ ಬೇರೆ ಹೆಣ್ಣು ತಂದರು. ಹೀಗೆ ಅಪ್ಪನ ಅಕ್ಕ ನಮ್ಮ ಮನೆಯಲ್ಲೇ ಉಳಿದಳು. ನನ್ನನ್ನು ಎತ್ತಿ ಆಡಿಸಿದವಳು, ಜಡೆ ಹೆಣೆದವಳು ಅವಳೇ. ಗಂಡ ಬದುಕಿದ್ದರಿಂದ ಹಣೆಯ ಕುಂಕುಮ ಮಾತ್ರ ಉಳಿದಿತ್ತು. ಆ ಕುಂಕುಮವನ್ನು ಅವಳು ಚೆನ್ನಾಗಿ ದುಡಿಸಿಕೊಂಡಳು.

ವಾರಕ್ಕೊಮ್ಮೆ ಗದಗಿಗೆ ಬೆಣ್ಣೆ ಮಾರಲು ಹೋಗುತ್ತಿದ್ದಳು. ಅಲ್ಲಿ ಒಬ್ಬ ವಕೀಲರ ಮನೆ ಖಾಯಂ ಗಿರಾಕಿ. ವಕೀಲರು ಊಟಕ್ಕೆ ಕೂತಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಂದೂಕಿನ ಕಾಯದೆ ಕೇಳುತ್ತಿದ್ದಳು. "ಬೆಣ್ಣಿ ಹಸನಾಗಿದ್ದ ದಿನ ಎರಡು ಮಾತು ಹೆಚ್ಚಿಗಿ ಹೇಳ್ತಾರ" ಎಂದು ನಗುತ್ತಿದ್ದಳು. ಕೇಳುವುದಕ್ಕೆ ಕಾರಣವೂ ಇತ್ತು. ನಮ್ಮ ಸುತ್ತಿನಲ್ಲಿ ಆಗ ಒಂದೊಂದು ದಿಕ್ಕಿಗೆ ಒಂದೊಂದು ಸರ್ಕಾರ. ಗದಗ ಮುಂಬಯಿಯದು, ಲಕ್ಷ್ಮೇಶ್ವರ, ಶಿರಹಟ್ಟಿ ಸಂಸ್ಥಾನಗಳವು, ಮುಂಡರಗಿ ದಾಟಿದರೆ ನಿಜಾಮನದು. ಯಾವ ಕಾಗದ ಯಾವ ಸೀಮೆಯಲ್ಲಿ ನಡೆಯುತ್ತದೆ ಎಂಬುದು ಬಂದೂಕು ಇದ್ದವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಸ್ವಾತಂತ್ರ್ಯ ಬಂದು ಸಂಸ್ಥಾನಗಳು ಮುಂಬಯಿಗೆ ಸೇರಿದ ಮೇಲಂತೂ ಗೊಂದಲ ಇನ್ನೂ ಹೆಚ್ಚಾಯಿತು.

ಊರಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಕುಂಕುಮ ಹಚ್ಚಿ ಕರೆಯಲು ಅತ್ತೆ ಮುಂದಾಗುತ್ತಿದ್ದಳು. ಹೊಸ್ತಿಲಲ್ಲಿ ನಿಂತು ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು, ಮುಹೂರ್ತ ಹೇಳಿ, ಅದೇ ಉಸಿರಿನಲ್ಲಿ ಮುಂದುವರಿಸುತ್ತಿದ್ದಳು. "ಬೆಳಿ ಕಾಯಾಕ ಕೊಟ್ಟ ಬಂದೂಕು ಮದುವಿಗಿ ತರೂ ಹಂಗಿಲ್ಲ. ಲೈಸೆನ್ಸ್ ಇಲ್ಲದ್ದು ಮನ್ಯಾಗ ಇದ್ದರ ಠಾಣೇಕ ಕೊಟ್ಟು ರಸೀದಿ ತಗೋರಿ. ನಿಮ್ಮ ಗಂಡಸರ ಕಿವಿಗಿ ಹಾಕ್ರಿ."

"ಏನಕ್ಕಾ, ಅಕ್ಷತಿ ಕೊಡಾಕ ಬಂದಿಯೋ ಕಾಯದೆ ಕೊಡಾಕೋ?" ಎಂದು ನೆರೆಮನೆಯವಳು ಕೆಣಕಿದಳು.

"ಎರಡೂ ತಗೋ. ಅಕ್ಷತಿ ತಲಿಮ್ಯಾಲ ಇಟ್ಕೊ, ಕಾಯದೆ ತಲಿಯಾಗ ಇಟ್ಕೊ."

ನನ್ನ ಮದುವೆ ನಿಶ್ಚಯವಾದದ್ದು ಲಕ್ಷ್ಮೇಶ್ವರದ ಹತ್ತಿರದ ಮನೆತನಕ್ಕೆ. ತಂದೆ ಇಲ್ಲದ ವರನಿಗೆ ಚಿಕ್ಕಪ್ಪ, ಅಂದರೆ ಕಾಕಾನೇ ಹಿರಿಯ. ಅವರ ಮನೆಯಲ್ಲಿ ಸಂಸ್ಥಾನದ ಕಾಲದ ಬಂದೂಕೊಂದಿತ್ತು. ಬಾರು ಹಾರಿಸದೆ ಅಸುಂಡಿಯ ಸೀಮೆ ದಾಟುವುದಿಲ್ಲ ಎಂದು ಕಾಕಾ ಮೊದಲೇ ಹೇಳಿ ಕಳಿಸಿದ್ದರು. ಅಪ್ಪ ಅತ್ತೆಯ ಕೈ ಹಿಡಿದುಕೊಂಡ. "ಅಕ್ಕಾ, ಈ ಒಂದು ಸಲ ಸುಮ್ಕಿರು. ಬೀಗರು ಗಾಡಿ ತಿರುಗಿಸಿದರ ಈ ಹುಡುಗೀನ ಯಾರು ಕೇಳ್ತಾರ?" ಅತ್ತೆ ಕೈ ಬಿಡಿಸಿಕೊಂಡು ತಂಬಿಗೆ ತಿಕ್ಕುತ್ತ ಕೂತಳು.

ಮದುವೆಯ ದಿನ ನಾನು ಅರಿಷಿಣದ ಮೈಯಲ್ಲಿ ಒಳಗೆ ಕೂತಿದ್ದೆ. ದೂರದಲ್ಲಿ ಬಾರಿಸುತ್ತಿದ್ದ ಹಲಗೆಯ ಸದ್ದು ನಿಂತಿತು. ದಿಬ್ಬಣ ಸೀಮೆಗೆ ಬಂತೆಂದು ಗೊತ್ತಾಯಿತು. ಇನ್ನು ಬಾರು ಹಾರಬೇಕು. ನನ್ನ ಕಣ್ಣ ಮುಂದೆ ಇದ್ದದ್ದು ಅತ್ತೆಯ ಕೆನ್ನೆ. ಸದ್ದಿಗಾಗಿ ಕಾದೆ, ಕಾದೆ. ಬರಲೇ ಇಲ್ಲ. ಗಾಡಿ ತಿರುಗಿಸಿದರೇನೋ ಎಂದುಕೊಂಡೆ. ಆಮೇಲೆ ಹಲಗೆ ಮತ್ತೆ ಕೇಳಿತು, ಹತ್ತಿರ, ಇನ್ನೂ ಹತ್ತಿರ.

ಸೀಮೆಯಲ್ಲಿ ಆದದ್ದನ್ನು ನನ್ನ ಗಂಡ ಆಮೇಲೆ ಎಷ್ಟೋ ಸಲ ಹೇಳಿದ್ದಾರೆ. ಬೀಗರ ಕಾಲಿಗೆ ನೀರು ಹಾಕಲು ಅತ್ತೆ ತಂಬಿಗೆ ಹಿಡಿದು ನಿಂತಿದ್ದಳು. ಕಾಕಾ ಮದ್ದು ತುಂಬಿದ ಬಂದೂಕು ಹಿಡಿದು ಗಾಡಿಯಿಂದ ಇಳಿದರು.

"ಬಂದೂಕು ತಂದೀರಲ್ಲ ಬೀಗ್ರ, ಲೈಸೆನ್ಸ್ ಐತೇನ್ರಿ?"

"ರಾಜರು ಕೊಟ್ಟ ಕಾಗದ ಐತಿ."

"ರಾಜರೇ ರಾಜ್ಯ ಕೊಟ್ಟು ಕುಂತಾರ. ಕಾಗದ ಯಾರ ಮುಂದ ತೋರಸ್ತೀರಿ?"

ಕಾಕಾನ ಮೀಸೆ ನಡುಗಿತಂತೆ. ಅಪ್ಪ "ಅಕ್ಕಾ" ಎಂದ. ಅತ್ತೆ ದನಿ ತಗ್ಗಿಸಿ, "ಆತು, ಮೊದಲ ಕಾಲಿಗೆ ನೀರ ತಗೋರಿ. ಕೈಯಾಗಿಂದು ಇತ್ಲಾಗ ಕೊಡ್ರಿ" ಎಂದಳು. ಕೈಯಲ್ಲಿ ಏನಾದರೂ ಹಿಡಿದು ಕಾಲಿಗೆ ನೀರು ಹಾಕಿಸಿಕೊಳ್ಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಕಾಕಾ ಬಂದೂಕು ಕೊಟ್ಟು ಧೋತರ ಎತ್ತಿಕೊಂಡರು. ಅವಳು ಅದನ್ನು ಕಂಕುಳಲ್ಲಿ ಇರುಕಿಕೊಂಡೇ ಎರಡೂ ಪಾದಕ್ಕೆ ನೀರು ಹಾಕಿದಳು. ಆಮೇಲೆ ಬಂದೂಕನ್ನು ನೆಟ್ಟಗೆ ನಿಲ್ಲಿಸಿ, ತಾನು ಪಕ್ಕಕ್ಕೆ ಸರಿದು, ತಂಬಿಗೆಯಲ್ಲಿ ಉಳಿದ ನೀರನ್ನೆಲ್ಲ ನಳಿಗೆಯೊಳಗೆ ಸುರಿದಳು.

"ಇದೂ ನಿಮ್ಮ ಕೂಡ ದೂರಿಂದ ಬಂದೈತಿ. ಬಂದವರಿಗೆ ನೀರ ಕೊಡೂದು ನಮ್ಮ ಪದ್ಧತಿ."

ಕಾಕಾ ಗಾಡಿಯ ಕಡೆ ತಿರುಗಿದರು. ಆಗ ಅತ್ತೆ ಸೆರಗು ಸರಿಸಿ ಕೆನ್ನೆ ತೋರಿಸಿದಳು. "ಇದು ನನ್ನ ಸೀಮಿ ಬಾರು, ಬೀಗ್ರ. ನನ್ನ ಕೂಸಿಗಿ ಇದು ಬ್ಯಾಡ."

ಕಾಕಾ ಆ ಕೆನ್ನೆಯನ್ನು ನೋಡುತ್ತ ನಿಂತರು. ವರ ಮೆಲ್ಲಗೆ, "ಕಾಕಾ, ಕಾಲಿಗೆ ನೀರು ಬಿತ್ತು. ನಡೀರಿ, ಹಸಿವಾಗೈತಿ" ಎಂದರಂತೆ. ಮೊದಲು ನಕ್ಕವರು ಗಾಡಿಯಲ್ಲಿದ್ದ ನನ್ನ ಅತ್ತೆಮ್ಮ, ವರನ ತಾಯಿ. ಆಮೇಲೆ ಹಲಗೆಯವರು ತಾವೇ ಬಾರಿಸಲು ಶುರು ಮಾಡಿದರು.

ಮದುವೆ ಮುಗಿದ ಮೇಲೆ ಕಾಕಾ ಬಂದೂಕನ್ನು ಲಕ್ಷ್ಮೇಶ್ವರದ ಠಾಣೆಗೆ ಒಪ್ಪಿಸಿದರು. ಹೊಸ ಲೈಸೆನ್ಸ್ ಕೇಳಲು ಹೋಗಲೇ ಇಲ್ಲ. "ತೊಯ್ದ ಬಂದೂಕು, ನೆಗಡಿ ಹತ್ತೈತಿ" ಎನ್ನುತ್ತಿದ್ದರು. ತಮ್ಮ ಊರಿನ ಮದುವೆಗಳಲ್ಲಿ, "ನಮ್ಮ ಬೀಗ್ತಿ ಹೇಳ್ಯಾಳ, ಕೇಳ್ರಿ" ಎಂದು ಕಾಯದೆ ಹೇಳುವವರು ಈಗ ಅವರೇ. ಕರ್ನಾಟಕ ಒಂದಾದ ದಿನ ಅಲ್ಲಿನ ಹುಡುಗರು ಸಂಭ್ರಮಕ್ಕೆ ಬಾರು ಹಾರಿಸಹೊರಟಾಗ ಬೈದು ತಡೆದು, ಹಲಗೆಯವರನ್ನು ಕರೆಸಿ ಊರೆಲ್ಲ ಮೆರೆಸಿದರು. ಆ ಸುದ್ದಿ ಕೇಳಿ ಅತ್ತೆ ಅವತ್ತು ಹೋಳಿಗೆ ಮಾಡಿದಳು.

ಅಸುಂಡಿಗೆ ಬಂದಾಗಲೆಲ್ಲ ಕಾಕಾ ಬಾಗಿಲಲ್ಲಿ ನಿಂತು ಎರಡೂ ಅಂಗೈ ತೋರಿಸುತ್ತಿದ್ದರು. "ನೋಡ್ಕೊ ಬೀಗ್ತಿ, ಕೈ ಖಾಲಿ ಅದಾವ."

"ಹಂಗಾರ ಕಾಲು ತರ್ರಿ" ಎಂದು ಅತ್ತೆ ತಂಬಿಗೆ ಎತ್ತುತ್ತಿದ್ದಳು.

ಈ ಶ್ರಾವಣದಲ್ಲಿ ಅತ್ತೆ ಹೋದಳು. ನೋವಿಲ್ಲದೆ, ಮಜ್ಜಿಗೆ ಕಡೆದಿಟ್ಟು ಮಲಗಿದವಳು ಏಳಲಿಲ್ಲ. ಮೈ ತೊಳೆಯುವಾಗ ಕೆನ್ನೆಯ ಚುಕ್ಕೆಗಳನ್ನು ನಾನೇ ಒರೆಸಿದೆ. ಒಂದೂ ಮಾಸಿರಲಿಲ್ಲ.

ಮಣ್ಣು ಮಾಡಿ ಬಂದವರ ಕಾಲಿಗೆ ನೀರು ಹಾಕಲು ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಎಲ್ಲರಿಗಿಂತ ಹಿಂದೆ ಕಾಕಾ ಬಂದರು, ಕೋಲೂರಿಕೊಂಡು. ಹೊಸ್ತಿಲ ಹತ್ತಿರ ಕೋಲನ್ನು ಗೋಡೆಗೆ ಒರಗಿಸಿದರು. ಎರಡೂ ಅಂಗೈಗಳನ್ನು ಬಿಚ್ಚಿ ಹಿಡಿದು ನಿಂತರು.

"ಕಾಲು ತರ್ರಿ, ಮಾವಾರ" ಎಂದೆ.